ಊಟದ ಹೊತ್ತಿನ ಕಲ್ಲು

ಪಾಚಿಯಮ್ಮನ ನಿಜವಾದ ಹೆಸರು ಆಫೀಸಿನ ಹಾಜರಿ ಪುಸ್ತಕದಲ್ಲಿ ಬಿಟ್ಟರೆ ಬೇರೆಲ್ಲೂ ಬಳಕೆಯಲ್ಲಿ ಇರಲಿಲ್ಲ. ಗೇಟಿನಲ್ಲಿ ಟಿಕೆಟ್ ಹರಿದು ಕೊಡುವವನಿಂದ ಹಿಡಿದು ದೊಡ್ಡ ಸಾಹೇಬರವರೆಗೆ ಎಲ್ಲರ ಬಾಯಲ್ಲೂ ಅವಳು ಪಾಚಿಯಮ್ಮ. ನಗರದ ನಟ್ಟನಡುವಿನ ಆ ದೊಡ್ಡ ಜಪಾನೀ ತೋಟದಲ್ಲಿ ಇಪ್ಪತ್ತೆಂಟು ವರ್ಷ ಮಂಡಿಯೂರಿ ಕೂತು, ಪಾಚಿಯ ನಡುವೆ ಹುಟ್ಟುವ ಹುಲ್ಲನ್ನು ಬಿದಿರು ಕಡ್ಡಿಯಿಂದ ಒಂದೊಂದಾಗಿ ಎಬ್ಬಿಸಿ ತೆಗೆದವಳಿಗೆ ಇನ್ನು ಯಾವ ಹೆಸರು ತಾನೇ ಅಂಟೀತು? ಬೇರೆ ಕಡೆಯೆಲ್ಲ ಪಾಚಿ ಕಟ್ಟಿದರೆ ಜನ ಉಜ್ಜಿ ತೊಳೆಯುತ್ತಾರೆ. ಅಲ್ಲಿ ಮಾತ್ರ ಪಾಚಿಗೆ ರಾಜೋಪಚಾರ. ಇದು ಗೊತ್ತಿಲ್ಲದೆ, ಕೆಲಸಕ್ಕೆ ಸೇರಿದ ಮೊದಲ ದಿನ ಅವಳು ಒಂದು ಚಾಪೆಯಷ್ಟು ಜಾಗದ ಪಾಚಿಯನ್ನೆಲ್ಲ ಚೊಕ್ಕವಾಗಿ ಕೆರೆದು ಹಾಕಿ, ಹುಲ್ಲನ್ನು ಮಾತ್ರ ಉಳಿಸಿ, ಶಭಾಷ್‌ಗಿರಿಗೆ ಕಾದು ನಿಂತಿದ್ದಳು. ಮೇಸ್ತ್ರಿ ತಲೆಯ ಮೇಲೆ ಕೈ ಹೊತ್ತು ಅಲ್ಲೇ ಕುಕ್ಕರಿಸಿದ.

"ಹದಿನೈದು ವರ್ಷದ ಪಾಚಿ ಕಣಮ್ಮಾ ಅದು! ಹುಲ್ಲು ನಿನ್ನೆ ಹುಟ್ಟಿದ್ದು."

ಕೆಲಸದಿಂದ ನಿವೃತ್ತಿಯಾಗಿ ಒಂದು ವರ್ಷವಾಗಿದ್ದರೂ ಆ ದಿನ ಬೆಳಿಗ್ಗೆ ಏಳು ಗಂಟೆಗೇ ಅವಳು ತೋಟದ ಗೇಟಿನ ಹೊರಗೆ ನಿಂತಿದ್ದಳು. ಇಸ್ತ್ರಿ ಮಾಡಿದ ಬಟ್ಟೆ ಉಟ್ಟಿದ್ದಳು. ಮನೆಯ ಬೀಗದ ಕೈಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸುತ್ತ ರಸ್ತೆಯ ತಿರುವನ್ನೇ ನೋಡುತ್ತಿದ್ದಳು.

"ಏನು ಪಾಚಿಯಮ್ಮ, ರಿಟೈರ್ ಆದ ಮೇಲೂ ಹಾಜರಿ ಹಾಕೋಕೆ ಬಂದ್ರಾ?" ಎಂದ ಗೇಟಿನವನು. "ಪಾಚಿ ನಿಮ್ಮನ್ನ ದಿನಾ ಕೇಳುತ್ತೆ."

"ಚೆನ್ನಾಗಿದ್ದಾಳೆ ಅಂತ ಹೇಳು. ಇವತ್ತು ನಾನು ಕೆಲಸದೋಳಲ್ಲ, ನೋಡೋಕೆ ಬಂದೋಳು. ನಮ್ಮಕ್ಕ ಬರ್ತಾಳೆ."

"ನಿಮಗೊಬ್ಬರು ಅಕ್ಕ ಇದ್ದಾರಾ? ಹತ್ತು ವರ್ಷದಿಂದ ನೋಡ್ತಿದೀನಿ, ಒಂದು ದಿನ ಬಾಯಿ ಬಿಡಲಿಲ್ಲವಲ್ಲ ನೀವು!"

ಅವಳು ಮತ್ತೆ ರಸ್ತೆಯ ತಿರುವಿನ ಕಡೆ ಮುಖ ಮಾಡಿದಳು.

ಅಕ್ಕನೊಂದಿಗೆ ಮಾತು ಬಿಟ್ಟು ಎಂಟು ವರ್ಷವಾಗಿತ್ತು. ಹೋದ ವಾರ ಅಕ್ಕನ ಮಗಳು ಫೋನ್ ಮಾಡಿದ್ದಳು. ಆ ಹುಡುಗಿ ಸುತ್ತಿ ಬಳಸಿ ಮಾತಾಡುವವಳಲ್ಲ.

"ಚಿಕ್ಕಮ್ಮ, ನೀವಿಬ್ಬರೂ ಏನು ಜಗಳ ಆಡಿಕೊಂಡ್ರೋ, ಯಾರದ್ದು ತಪ್ಪೋ, ನನಗೆ ಬೇಡ. ಅಮ್ಮನಿಗೆ ಮೂರು ವರ್ಷದಿಂದ ಮರೆವಿನ ಕಾಯಿಲೆ. ಬೆಳಿಗ್ಗೆ ಎದ್ದಾಗ ಗುರುತು ಹಿಡೀತಾಳೆ, ಎಂಟು ಎಂಟೂವರೆ ತನಕ. ಆಮೇಲೆ ನನ್ನನ್ನೇ ನರ್ಸಮ್ಮ ಅಂತಾಳೆ. ಡಾಕ್ಟರು ಇದೂ ಜಾಸ್ತಿ ದಿನ ಇರಲ್ಲ ಅಂದಿದ್ದಾರೆ. ಎರಡು ತಿಂಗಳಿಂದ ತೋಟಕ್ಕೆ ಕರ್ಕೊಂಡು ಹೋಗು, ತೋಟಕ್ಕೆ ಕರ್ಕೊಂಡು ಹೋಗು ಅಂತ ಒಂದೇ ಜಪ. ನಿಮಗೇನಾದರೂ ಹೇಳೋದಿದ್ದರೆ ಈಗಲೇ ಹೇಳಿಬಿಡಿ."

ಪಾಚಿಯಮ್ಮನಿಗೆ ಹೇಳುವುದಿತ್ತು. ಹೆಚ್ಚೇನಲ್ಲ, ತಪ್ಪಾಯ್ತು ಅಕ್ಕಾ, ಎನ್ನುವ ಎರಡೇ ಮಾತು. ಎಂಟು ವರ್ಷ ಆಡದೆ ಇಟ್ಟುಕೊಂಡಿದ್ದ ಮಾತು. ಅದನ್ನು ಅಕ್ಕ ಅಕ್ಕನಾಗಿಯೇ ಇರುವ ಹೊತ್ತಿನಲ್ಲಿ, ಎಂಟೂವರೆಯ ಒಳಗೆ, ಅವಳ ಕಿವಿಗೆ ಹಾಕಬೇಕು. ಅದಕ್ಕೇ ಏಳು ಗಂಟೆಗೆ ಬನ್ನಿ ಎಂದು ಹೇಳಿದ್ದು. ಗಡಿಯಾರ ಏಳೂವರೆ ತೋರಿಸಿತು. ಎಂಟಾಯಿತು. ದೊಡ್ಡ ರಸ್ತೆಯಲ್ಲಿ ಲಾರಿ ಕೆಟ್ಟು ನಿಂತಿದೆ ಎಂದು ಅಕ್ಕನ ಮಗಳು ಫೋನ್ ಮಾಡಿದಳು. ಎಂಟೂ ಕಾಲಾಯಿತು. ಪಾಚಿಯಮ್ಮ ಕಾಣದ ಆ ಲಾರಿಗೆ ಹಿಡಿ ಹಿಡಿ ಶಾಪ ಹಾಕಿದಳು.

ಈ ಕೆಲಸವನ್ನು ಕೊಡಿಸಿದ್ದೂ ಅಕ್ಕನೇ. ಮೂವತ್ತೆರಡನೇ ವಯಸ್ಸಿಗೆ ಗಂಡನನ್ನು ಕಳೆದುಕೊಂಡು ಒಂದು ಪೆಟ್ಟಿಗೆ ಹಿಡಿದು ಬಂದು ನಿಂತ ತಂಗಿಯನ್ನು ಅಕ್ಕ ಯಾಕೆ ಏನು ಎಂದು ಕೇಳದೆ ಒಳಗೆ ಕರೆದಿದ್ದಳು. ಒಂಬತ್ತು ವರ್ಷ ದೊಡ್ಡವಳು. ಒಂದು ಕಟ್ಟಡದ ಮೆಟ್ಟಿಲ ಕೆಳಗಿನ ಇಕ್ಕಟ್ಟಾದ ಜಾಗದಲ್ಲಿ ಹೊಲಿಗೆಯಂತ್ರ ಇಟ್ಟುಕೊಂಡು, ಬಿಗಿಯಾದ ಬಟ್ಟೆ ಸಡಿಲ ಮಾಡಿಕೊಡುವುದು, ಉದ್ದದ್ದು ಗಿಡ್ಡ ಮಾಡಿಕೊಡುವುದು ಅವಳ ಕಸುಬು. ಅಳತೆಪಟ್ಟಿ ಕೊರಳಲ್ಲಿ ಇರುತ್ತಿತ್ತು, ಆದರೆ ಅದು ಬೇಕಾಗುತ್ತಿರಲಿಲ್ಲ. ಒಬ್ಬರು ಬಾಗಿಲಿನಿಂದ ಒಳಗೆ ಬರುವಷ್ಟರಲ್ಲಿ ಅವರ ಸೊಂಟದ ಅಳತೆ ಅಕ್ಕನ ಕಣ್ಣಲ್ಲಿ ಕೂತಿರುತ್ತಿತ್ತು. ತಂಗಿಗೂ ಹೊಲಿಗೆ ಕಲಿಸಲು ಆರು ತಿಂಗಳು ಹೆಣಗಿದಳು. ತಂಗಿ ಒಮ್ಮೆ ಒಂದು ಅಂಗಿಯ ತೋಳನ್ನು ತಂದು ಕತ್ತಿಗೆ ಜೋಡಿಸಿದ್ದಳು.

"ಇದನ್ನ ಹಾಕ್ಕೊಳ್ಳೋಕೆ ಮೂರು ಕೈ ಇರೋ ಗಿರಾಕಿ ಹುಡುಕಬೇಕು," ಎಂದಳು ಅಕ್ಕ. "ನಿನ್ನ ಕೈಗೆ ಸೂಜಿ ಒಲಿಯಲ್ಲ ಬಿಡು. ಮಣ್ಣಾದರೂ ಒಲಿಯುತ್ತಾ ನೋಡೋಣ."

ತೋಟದ ಮೇಸ್ತ್ರಿಯ ಹೆಂಡತಿ ಅಕ್ಕನ ಗಿರಾಕಿ. ಹಾಗೆ ಮಣ್ಣು ಒಲಿಯಿತು.

ಮೊದಲ ವರ್ಷದ ಕೊನೆಗೆ ಪಾಚಿಯಮ್ಮ ಅಕ್ಕನನ್ನು ಕರೆತಂದು ತೋಟ ತೋರಿಸಿದ್ದಳು. ಬಿಳಿ ಜಲ್ಲಿಯ ಮೇಲೆ ಹಲ್ಲುಹಾರೆ ಎಳೆದು ನೀರಿನ ಅಲೆಯ ಹಾಗೆ ಗೆರೆ ಮೂಡಿಸಿದ್ದನ್ನು ತೋರಿಸಿದಳು. ಕೊಳ, ಕಮಾನು ಸೇತುವೆ, ಊರುಗೋಲಿಗೆ ಒರಗಿದ ಮುದಿ ಮರ, ಎಲ್ಲವನ್ನೂ ತೋರಿಸಿದಳು. ಅಕ್ಕನ ಕಣ್ಣಿಗೆ ಬಿದ್ದದ್ದು ಮಾತ್ರ ಬೇರೆ. ಕಾಲುದಾರಿ ಎರಡಾಗಿ ಒಡೆಯುವ ಕಡೆ, ಒಂದು ದಾರಿಯ ಮೊದಲ ಹಾಸುಗಲ್ಲಿನ ಮೇಲೆ, ಎರಡು ಮುಷ್ಟಿ ಗಾತ್ರದ ಒಂದು ದುಂಡುಕಲ್ಲು ಕೂತಿತ್ತು. ಅದಕ್ಕೆ ಕಪ್ಪು ನಾರಿನ ಹುರಿಯನ್ನು ಅಡ್ಡ ಉದ್ದ ಸುತ್ತಿ, ಮೇಲೆ ಒಂದು ಹಿಡಿಕೆ ಬಿಟ್ಟು ಗಂಟು ಹಾಕಿತ್ತು.

"ಇದೇನೇ, ಯಾರೋ ಪೊಟ್ಟಣ ಮರೆತು ಹೋಗಿದ್ದಾರೆ?"

"ಅಯ್ಯೋ, ಅದು ತಡೆಗಲ್ಲು ಅಕ್ಕ. ಈ ಕಲ್ಲಿಟ್ಟರೆ ಈ ದಾರೀಲಿ ಈಗ ಬರಬೇಡಿ ಅಂತ. ಬೋರ್ಡಿಲ್ಲ, ಸರಪಳಿ ಇಲ್ಲ, ಬೀಗ ಇಲ್ಲ. ಗೊತ್ತಿರೋರು ನೋಡಿ ಹಿಂದಕ್ಕೆ ಹೋಗ್ತಾರೆ. ಇನ್ನೊಂದು ಮಾತಿದೆ. ಇಟ್ಟೋರೇ ಬಂದು ತೆಗೀಬೇಕು. ಬೇರೆಯೋರು ಮುಟ್ಟೋ ಹಾಗಿಲ್ಲ. ಮೇಸ್ತ್ರಿಗೆ ಆ ದೇಶದಿಂದ ಬಂದ ತೋಟಗಾರರೇ ಹೇಳಿಕೊಟ್ಟಿದ್ದಂತೆ."

"ಗೊತ್ತಿಲ್ಲದೋರು?"

"ದಾಟಿಕೊಂಡು ಹೋಗ್ತಾರೆ. ಹೋದ ತಿಂಗಳು ಒಬ್ಬರು ಎತ್ತಿಕೊಂಡು ಹೋಗಿ ಆಫೀಸಲ್ಲಿ ಕೊಟ್ಟರು, ಯಾರೋ ಸಾಮಾನು ಕಳಕೊಂಡಿದ್ದಾರೆ ಅಂತ."

ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು. ಆಮೇಲೆ ಕೂತು ಕಲ್ಲಿನ ಗಂಟನ್ನು ಎಳೆದು ನೋಡಿದಳು. "ಇದನ್ನ ಕಟ್ಟಿದ್ದು ನೀನೇ ಅಲ್ವಾ? ಗೊತ್ತಾಯ್ತು. ಹಿಡಿಕೆ ಸೊರಗಿ ಬಿದ್ದಿದೆ ನೋಡು. ಇಲ್ಲೊಂದು ಮಡಿಕೆ ಹಾಕಿ, ಹುರಿಯನ್ನ ಅದರೊಳಗಿಂದ ಎರಡು ಸಲ ತೂರಿಸು. ಆಗ ನೆಟ್ಟಗೆ ನಿಲ್ಲುತ್ತೆ." ಗುಂಡಿಯ ಕಾಜಾ ಕಟ್ಟುವ ಕೈಯಿಂದ ತಾನೇ ಕಟ್ಟಿ ತೋರಿಸಿದಳು. ಅಲ್ಲಿಂದ ಮುಂದೆ ಪಾಚಿಯಮ್ಮ ಕಟ್ಟಿದ ಕಲ್ಲುಗಳಲ್ಲೆಲ್ಲ ಆ ಮಡಿಕೆ ಇರುತ್ತಿತ್ತು. ಇಪ್ಪತ್ತು ಕಲ್ಲುಗಳ ನಡುವೆ ಇಟ್ಟರೂ ಅವಳದ್ದು ಯಾವುದೆಂದು ಗುರುತು ಸಿಗುತ್ತಿತ್ತು.

ಅಷ್ಟು ಹೊಂದಿಕೊಂಡಿದ್ದ ಅಕ್ಕ ತಂಗಿ ಬೇರೆಯಾದದ್ದು ತಾಯಿಯ ಸಾವಿನ ದಿನ. ತಾಯಿ ಹಾಸಿಗೆ ಹಿಡಿದು ಹತ್ತು ತಿಂಗಳಾಗಿತ್ತು. ಒಂದು ವಾರ ಅಕ್ಕನ ಮನೆ, ಒಂದು ವಾರ ತಂಗಿಯ ಮನೆ ಎಂದು ಹೊತ್ತು ತಿರುಗಿದರು. ಅದು ತಂಗಿಯ ವಾರ. ರಜ ಹಾಕಿ ಮನೆಯಲ್ಲಿದ್ದಳು. ಮೇಸ್ತ್ರಿ ಹೇಳಿ ಕಳಿಸಿದ, ನಾಳೆ ದೊಡ್ಡ ಮನುಷ್ಯರು ಯಾರೋ ಬರುತ್ತಾರೆ, ಬಿಸಿಲಿಗೆ ಪಾಚಿ ಕಂದಿಹೋಗಿದೆ, ಎರಡು ಗಂಟೆ ಬಂದು ಹೋಗು ಎಂದು. ಪಕ್ಕದ ಮನೆಯವಳನ್ನು ತಾಯಿಯ ಹತ್ತಿರ ಕೂರಿಸಿ ಅವಳು ಹೋದಳು. ಎರಡು ಗಂಟೆ ಮೂರಾಯಿತು. ಅಷ್ಟರಲ್ಲಿ ತಾಯಿ ಹೋಗಿಬಿಟ್ಟಿದ್ದಳು. ಬಟ್ಟೆ ತಲುಪಿಸಲು ಆ ಕಡೆ ಬಂದಿದ್ದ ಅಕ್ಕ, ತಾಯಿಯನ್ನು ನೋಡಿ ಹೋಗೋಣವೆಂದು ಬಾಗಿಲು ತೆರೆದರೆ, ತಂಗಿಯ ಬದಲು ಪಕ್ಕದ ಮನೆಯವಳು ಅಳುತ್ತ ಕೂತಿದ್ದಳು.

ಪಾಚಿಯಮ್ಮ ಓಡಿ ಬಂದಾಗ ಕೈಯಲ್ಲಿ ಇನ್ನೂ ಒದ್ದೆ ಮಣ್ಣಿತ್ತು. ಅಕ್ಕ ಆ ಕೈಯನ್ನು ನೋಡಿದಳು. ಕೋಣೆಯ ತುಂಬ ಜನರಿದ್ದರು.

"ಅಮ್ಮ ಬಾಯಿ ಒಣಗಿ ಸಾಯೋ ಹೊತ್ತಲ್ಲಿ ನೀನು ಪಾಚಿಗೆ ನೀರು ಹಾಕ್ತಾ ಕೂತಿದ್ದೆ."

ಸುಮ್ಮನಿದ್ದಿದ್ದರೆ ಆಗುತ್ತಿತ್ತು. ದುಃಖದಲ್ಲಿ ಬಾಯಿಂದ ಬಿದ್ದ ಮಾತು, ಹೊಟ್ಟೆಗೆ ಹಾಕಿಕೊಂಡಿದ್ದರೆ ಹತ್ತು ದಿನಕ್ಕೆ ಕರಗುತ್ತಿತ್ತು. ಆದರೆ ಆ ಮಾತು ನಿಜವಾಗಿತ್ತು, ನಿಜವಾದ್ದರಿಂದಲೇ ಪಾಚಿಯಮ್ಮನಿಗೆ ಮೈಯೆಲ್ಲ ಉರಿಯಿತು. "ಇನ್ನೊಂದು ದಿನ ನನ್ನ ಹೊಸಿಲು ತುಳಿದೀಯಾ ಜೋಕೆ," ಎಂದುಬಿಟ್ಟಳು. ಅಕ್ಕ ತುಳಿಯಲಿಲ್ಲ. ಇವಳೂ ಹೋಗಲಿಲ್ಲ. ಅವಳೇ ದೊಡ್ಡವಳು, ಅವಳೇ ಬರಲಿ ಎಂದು ಇವಳು. ಬರಬೇಡ ಎಂದವಳೇ ಕರೆಯಲಿ ಎಂದು ಅವಳಿರಬಹುದು. ನಡುವೆ ಬಸ್ಸಿನಲ್ಲಿ ಇಪ್ಪತ್ತು ನಿಮಿಷದ ದಾರಿ.

ಕಾರು ಬಂದು ಗೇಟಿನ ಮುಂದೆ ನಿಂತಾಗ ಗಂಟೆ ಒಂಬತ್ತಕ್ಕೆ ಹತ್ತು ನಿಮಿಷ. ಅಕ್ಕನ ಮಗಳು ತಾಯಿಯನ್ನು ಇಳಿಸಿ, "ಹನ್ನೊಂದಕ್ಕೆ ಬರ್ತೀನಿ ಚಿಕ್ಕಮ್ಮ, ಆಫೀಸಲ್ಲಿ ಮುಖ ತೋರಿಸಿ ಬರಬೇಕು," ಎಂದಳು. ಆಮೇಲೆ ತಗ್ಗಿದ ದನಿಯಲ್ಲಿ, "ಕೈಲಿರೋ ಚೀಲ ಕೇಳಬೇಡಿ, ಕೊಡಲ್ಲ. ಅದರಲ್ಲಿ ಎರಡು ಪುಟ್ಟ ದಿಂಬು ಇದೆ, ಲಾಡಿ ಇರೋದು. ಏನಕ್ಕೆ ಅಂತ ನನಗೂ ಗೊತ್ತಿಲ್ಲ. ತಲೆ ಹತ್ತಿರ ಇಟ್ಕೊಂಡೇ ಮಲಗ್ತಾಳೆ," ಎಂದು ಹೇಳಿ ಕಾರು ಹತ್ತಿದಳು.

ಅಕ್ಕ ಸಣ್ಣಗಾಗಿದ್ದಳು. ತಾನು ಹೊಲಿದ ಬಟ್ಟೆಯೇ ಅವಳಿಗೆ ಎರಡು ಅಳತೆ ದೊಡ್ಡದಾಗಿತ್ತು. ನೆಟ್ಟಗೆ ತಂಗಿಯ ಮುಖ ನೋಡಿದಳು.

"ಬಂದ್ಯಾ ತಾಯೀ?" ಎಂದಳು ಅಕ್ಕ.

ತಾಯೀ ಎಂದರೆ ಏನು ತಿಳಿಯುವುದು? ಅಂಗಡಿಗೆ ಬಂದ ಗಿರಾಕಿಯನ್ನೂ ಅಕ್ಕ ತಾಯೀ ಎನ್ನುತ್ತಿದ್ದಳು, ಪ್ರೀತಿ ಉಕ್ಕಿದರೆ ತಂಗಿಯನ್ನೂ ಎನ್ನುತ್ತಿದ್ದಳು. ಪಾಚಿಯಮ್ಮ ಪ್ರೀತಿಯೆಂದೇ ಹಿಡಿದುಕೊಂಡಳು. ಕೈ ಹಿಡಿದು ಒಳಗೆ ನಡೆಸಿದಳು. ಗೇಟಿನವನು ಟಿಕೆಟ್ ಕೇಳದೆ ಎದ್ದು ನಿಂತು ದಾರಿ ಬಿಟ್ಟ.

ಎರಡು ಸಲ ಮಾತು ತೆಗೆಯಲು ನೋಡಿದಳು. ಮೊದಲ ಸಲ, ಜಲ್ಲಿಯ ಅಂಗಳದ ಹತ್ತಿರ, "ಅಕ್ಕಾ, ನಿನಗೊಂದು ಹೇಳಬೇಕು" ಎನ್ನುವಷ್ಟರಲ್ಲಿ ಹೊಸದಾಗಿ ಮದುವೆಯಾದ ಜೋಡಿಯೊಂದು ಫೋಟೊ ತೆಗೆಸಿಕೊಳ್ಳುತ್ತ, ಆಂಟಿ, ಸ್ವಲ್ಪ ಪಕ್ಕಕ್ಕೆ ಹೋಗ್ತೀರಾ, ಎಂದಿತು. ಅಕ್ಕ ಪಕ್ಕಕ್ಕೆ ಹೋಗುವ ಬದಲು ಹುಡುಗನ ಹತ್ತಿರಕ್ಕೇ ಹೋಗಿ ಕೋಟಿನ ಹೆಗಲನ್ನು ಚಿವುಟಿ ನೋಡಿದಳು.

"ಎಡಗಡೆ ಒಂದು ಬೆರಳು ಇಳಿದಿದೆ. ಹೊಲಿದೋನು ಯಾರಪ್ಪ? ಬಿಚ್ಚಿ ಕೊಡು, ಸಾಯಂಕಾಲ ಬಾ."

ಹುಡುಗ ಗಾಬರಿಯಾಗಿ ಕೋಟು ಬಿಗಿ ಹಿಡಿದುಕೊಂಡ. ಹುಡುಗಿ ನಕ್ಕು, "ನಾನು ಆವಾಗಲೇ ಹೇಳಲಿಲ್ವಾ!" ಎಂದಳು.

ಎರಡನೆಯ ಸಲ, ಕೊಳದ ಹತ್ತಿರ. ಕೆಂಪು ಬಿಳಿ ಮೀನುಗಳು ಬಾಯಿ ತೆರೆದು ಮೇಲೆ ಬಂದಿದ್ದವು. ಅಕ್ಕ ಅವುಗಳನ್ನು ನೋಡುತ್ತ ನಿಂತಾಗ ಪಾಚಿಯಮ್ಮ, "ಆವತ್ತು ಅಮ್ಮ ಹೋದ ದಿನ..." ಎಂದಳು. ಅಕ್ಕ ತಟ್ಟನೆ ತಿರುಗಿ, "ಅಮ್ಮನಿಗೆ ಊಟ ಹಾಕಿ ಬಂದೆ. ಆಮೇಲೆ ಮಲಗ್ತಾಳೆ. ಏಳೋ ಅಷ್ಟರಲ್ಲಿ ಹೋಗಿಬಿಡಬೇಕು," ಎಂದಳು.

ಮಂಟಪಕ್ಕೆ ಹೋಗಿ ಕೂತರೆ ಸರಿಹೋದೀತು ಎಂದುಕೊಂಡಳು. ಸ್ವಲ್ಪ ಮುಂದೆ, ಕೊಳದ ದಡದಲ್ಲೇ, ಮರದ ಒಂದು ಪುಟ್ಟ ಮಂಟಪವಿತ್ತು, ಹಾಸುಗಲ್ಲುಗಳ ಮೇಲೆ ಹೆಜ್ಜೆಯಿಟ್ಟು ಹೋಗಬೇಕು. ಇಡೀ ತೋಟದಲ್ಲಿ ಅವಳಿಗೆ ಬೇಕಾದ ಜಾಗ ಅದು. ಅಕ್ಕನ ಕೈ ಹಿಡಿದು ದಾರಿ ಒಡೆಯುವ ಕಡೆಗೆ ಬಂದಳು. ಮೊದಲ ಹಾಸುಗಲ್ಲಿನ ಮುಂದೆ ಅಕ್ಕ ನಿಂತುಬಿಟ್ಟಳು.

"ಈ ಕಡೆ ಬೇಡ. ಕಲ್ಲಿದೆ."

ಪಾಚಿಯಮ್ಮ ನೋಡಿದಳು. ಹಾಸುಗಲ್ಲು ಖಾಲಿ. ರಾತ್ರಿ ಬಿದ್ದ ಎರಡು ಎಲೆ ಬಿಟ್ಟರೆ ಏನೂ ಇಲ್ಲ.

"ಎಲ್ಲಿ ಅಕ್ಕ ಕಲ್ಲು? ಏನೂ ಇಲ್ಲವಲ್ಲ, ಬಾ."

"ನಿನಗೆ ಗೊತ್ತಾಗಲ್ಲಮ್ಮ. ಗೊತ್ತಿರೋರಿಗೆ ಮಾತ್ರ ಗೊತ್ತಾಗುತ್ತೆ." ಅಕ್ಕ ದನಿ ತಗ್ಗಿಸಿದಳು, ಗಿರಾಕಿಗೆ ಗುಟ್ಟು ಹೇಳುವ ಹಾಗೆ. "ನನ್ನ ತಂಗಿ ಇಟ್ಟಿದ್ದಾಳೆ. ಇಲ್ಲೇ ಕೆಲಸ ಮಾಡ್ತಾಳೆ ಅವಳು. ಅಲ್ಲಿ ಕೂತಿದ್ದಾಳೆ ನೋಡು, ಮಂಟಪದಲ್ಲಿ. ಬೆನ್ನು ಕಾಣ್ತಿದೆ. ಒಬ್ಬಳೇ ಊಟ ಮಾಡ್ತಿದ್ದಾಳೆ. ತಲೆ ಕೂಡ ಬಾಚಿಲ್ಲ."

ಮಂಟಪ ಖಾಲಿಯಾಗಿತ್ತು.

"ಯಾವತ್ತು ಅಕ್ಕ? ಯಾವತ್ತು ಬಂದಿದ್ದೆ ನೀನು?"

"ಮನೆಗೆ ಬರಬೇಡ ಅಂದಿದ್ದಳು. ತೋಟಕ್ಕೆ ಬರಬೇಡ ಅಂದಿರಲಿಲ್ಲವಲ್ಲ. ಅದಕ್ಕೆ ಅಂಗಡಿ ಮುಚ್ಚಿ ಬಂದೆ. ಬಂದು ನೋಡಿದರೆ ಕಲ್ಲು. ಬೇರೆ ಯಾರಾದರೂ ಇಟ್ಟಿದ್ದರೆ ದಾಟಿಕೊಂಡೇ ಹೋಗ್ತಿದ್ದೆ, ನಾನೇನು ಹೆದರೋಳಾ? ಗಂಟು ನೋಡಿದೆ. ನಾನು ಹೇಳಿಕೊಟ್ಟ ಮಡಿಕೆ. ಅವಳೇ ಇಟ್ಟಿದ್ದು."

"ಒಂದು ಸಲ ಕೂಗಬಾರದಿತ್ತಾ?"

"ಯಾಕೆ ಕೂಗಲಿ? ಬಾಯಲ್ಲೂ ಹೇಳಿ ಆಯ್ತು, ಕಲ್ಲಲ್ಲೂ ಹೇಳಿ ಆಯ್ತು. ಸ್ವಲ್ಪ ಹೊತ್ತು ನಿಂತಿದ್ದೆ. ತಿರುಗಿದರೆ ನೋಡೋಣ ಅಂತ. ತಿರುಗಲಿಲ್ಲ."

ಅದು ಯಾವ ಕಲ್ಲೆಂದು ಪಾಚಿಯಮ್ಮನಿಗೆ ಗೊತ್ತಿತ್ತು. ಆಳುಗಳು ಅದಕ್ಕೆ ಇಟ್ಟ ಹೆಸರೇ ಊಟದ ಕಲ್ಲು. ತೋಟದ ಚಿತ್ರಗಳು ಎಲ್ಲರ ಫೋನಿನಲ್ಲೂ ಓಡಾಡಲು ಶುರುವಾದ ಮೇಲೆ ಜನ ಹೆಚ್ಚಾಗಿ, ಮಂಟಪದಲ್ಲಿ ಡಬ್ಬಿ ಬಿಚ್ಚಿದರೆ ಸಾಕು, ಅಮ್ಮಾ ಸ್ವಲ್ಪ ಏಳ್ತೀರಾ, ಫೋಟೊ ತೆಗೀಬೇಕು, ಎಂದು ಬಂದು ನಿಲ್ಲುತ್ತಿದ್ದರು. ಅರ್ಧ ತುತ್ತಿನಲ್ಲಿ ಎದ್ದು ಎದ್ದು ಬೇಸತ್ತ ಪಾಚಿಯಮ್ಮ ಒಂದು ದಿನ ತಡೆಗಲ್ಲೊಂದನ್ನು ದಾರಿಯಲ್ಲಿಟ್ಟು ಹೋಗಿ ಕೂತಳು. ನಿಯಮವಲ್ಲ. ಕೆಲಸ ನಡೆಯುವಾಗ, ಪಾಚಿ ಹಸಿಯಾಗಿರುವಾಗ ಮಾತ್ರ ಕಲ್ಲಿಡಬೇಕು. ಮೇಸ್ತ್ರಿ ನೋಡಿದರೂ ನೋಡದವನ ಹಾಗೆ ಮೀಸೆಯಲ್ಲಿ ನಕ್ಕು ಹೋದ. ಅಲ್ಲಿಂದ ದಿನಾ ಮಧ್ಯಾಹ್ನ ಅರ್ಧ ಗಂಟೆ ಆ ಕಲ್ಲು ಅಲ್ಲಿ ಕೂರುತ್ತಿತ್ತು. ಜನ ಹೇಗೂ ದಾಟಿಕೊಂಡೇ ಬರುತ್ತಿದ್ದರು. ಕಲ್ಲನ್ನು ಕಂಡು ಹಿಂದಕ್ಕೆ ಹೋದವರನ್ನು ಅವಳು ಒಬ್ಬರನ್ನೂ ನೋಡಿರಲಿಲ್ಲ. ಏನು ಪ್ರಯೋಜನ ಈ ಕಲ್ಲಿಂದ, ಯಾರಿಗೂ ಇದರ ಅರ್ಥ ಗೊತ್ತಿಲ್ಲ, ಎಂದು ಆಳುಗಳೊಂದಿಗೆ ಎಷ್ಟೋ ಸಲ ನಕ್ಕಿದ್ದಳು.

ಈ ದೊಡ್ಡ ನಗರದಲ್ಲಿ, ತೋಟದ ಆಳುಗಳನ್ನು ಬಿಟ್ಟರೆ, ಆ ಕಲ್ಲಿನ ಅರ್ಥ ಗೊತ್ತಿದ್ದವಳು ಒಬ್ಬಳೇ. ಹೇಳಿಕೊಟ್ಟಿದ್ದವಳು ಇವಳೇ.

ಎಂಟು ವರ್ಷ ಅವಳು ಅಕ್ಕನ ಮೇಲೆ ಒಂದು ದೂರು ಇಟ್ಟುಕೊಂಡಿದ್ದಳು. ನಾನು ಸಿಟ್ಟಿನಲ್ಲಿ ಬರಬೇಡ ಅಂದೆ, ನಿಜ. ಆದರೆ ಬೆಳೆಸಿದ ತಂಗಿಯ ಮಾತನ್ನು ದಾಟಿ ಒಂದು ಸಲ ಬರಬಾರದಿತ್ತೇ ಎಂಬ ದೂರು. ರಾತ್ರಿ ಹಗಲು ಆ ದೂರೇ ಅವಳಿಗೆ ಊರುಗೋಲಾಗಿತ್ತು. ಈಗ ಅದೂ ಕೈತಪ್ಪಿತು. ಅಕ್ಕ ಬಂದಿದ್ದಳು. ಅಂಗಡಿ ಮುಚ್ಚಿ ಬಂದಿದ್ದಳು. ಇಪ್ಪತ್ತು ಹೆಜ್ಜೆ ದೂರದಲ್ಲಿ ನಿಂತಿದ್ದಳು. ಆ ಹೊತ್ತು ಇವಳು ಕೊಳದ ಕಡೆ ಮುಖ ಮಾಡಿ ಸುಖವಾಗಿ ತುತ್ತು ಇಳಿಸುತ್ತಿದ್ದಳು.

"ಇಲ್ಲೇ ನಿಂತಿರು ಅಕ್ಕ. ಎಲ್ಲೂ ಹೋಗಬೇಡ," ಎಂದು ಹೇಳಿ ಅವಳು ಸಾಮಾನಿನ ಕೋಣೆಯ ಕಡೆ ಓಡಿದಳು. ಅರವತ್ತೊಂದರ ಕಾಲು, ಆದರೂ ಓಡಿದಳು. ಕೋಣೆಯ ಹಿಂದೆ, ಹಲ್ಲುಹಾರೆಗಳ ಕೆಳಗಿನ ಹಲಗೆಯ ಮೇಲೆ ತಡೆಗಲ್ಲುಗಳು ಸಾಲಾಗಿ ಕೂತಿದ್ದವು. ಕೊನೆಯಲ್ಲಿ ಅವಳು ಕಟ್ಟಿದ ಎರಡು ಇನ್ನೂ ಇದ್ದವು, ಹುರಿ ಮಾಸಿತ್ತು, ಹಿಡಿಕೆ ಮಾತ್ರ ನೆಟ್ಟಗೆ ನಿಂತಿತ್ತು. ಒಂದನ್ನು ಎತ್ತಿಕೊಂಡು ಬಂದಳು. ಇಲ್ಲದ ಕಲ್ಲನ್ನು ತೆಗೆಯುವುದು ಹೇಗೆ? ಮೊದಲು ಇಡಬೇಕು. ಹಾಸುಗಲ್ಲಿನ ಮೇಲಿನ ಎಲೆಗಳನ್ನು ಸರಿಸಿ, ಮಂಡಿಯೂರಿ, ಆ ಕಲ್ಲನ್ನು ಅದರ ಹಳೆಯ ಜಾಗದಲ್ಲಿ ಇಟ್ಟಳು.

ಅಕ್ಕನ ಮುಖ ಬೆಳಗಿತು. "ನೋಡು! ಹೇಳಲಿಲ್ವಾ ನಾನು?"

"ಹೌದಕ್ಕಾ, ನೀನು ಹೇಳಿದ್ದು ಸರಿ. ಈಗ ನೋಡು." ಪಾಚಿಯಮ್ಮ ಹಿಡಿಕೆ ಹಿಡಿದು ಕಲ್ಲನ್ನು ಎತ್ತಿ ಪಕ್ಕದ ಮಣ್ಣಿನ ಮೇಲಿಟ್ಟಳು. "ತೆಗೆದೆ. ದಾರಿ ಬಿಟ್ಟಿದೆ. ಬಾ ಅಕ್ಕಾ, ಹೋಗೋಣ."

ಅಕ್ಕನಿಗೆ ಸಿಟ್ಟು ಬಂತು. "ಯಾರು ನಿನಗೆ ಮುಟ್ಟು ಅಂದಿದ್ದು? ಇಟ್ಟೋರೇ ತೆಗೀಬೇಕು ಅದನ್ನ. ವಾಪಸ್ ಇಡು."

"ನಾನೇ ಅಕ್ಕ ಇಟ್ಟಿದ್ದು. ನಾನೇ ನಿನ್ನ ತಂಗಿ. ನಿನಗೆ ಅಂತ ಇಟ್ಟಿದ್ದಲ್ಲ ಅಕ್ಕಾ, ಊಟ ಮಾಡೋಕೆ ಇಟ್ಟಿದ್ದು. ತಪ್ಪಾಯ್ತು. ಅಮ್ಮನ್ನ ಬಿಟ್ಟು ಹೋಗಿದ್ದೂ ತಪ್ಪಾಯ್ತು, ಬರಬೇಡ ಅಂದಿದ್ದೂ ತಪ್ಪಾಯ್ತು. ನನ್ನ ಮುಖ ನೋಡು."

ಎಂಟು ವರ್ಷದ ಮಾತು ಹೊರಗೆ ಬಿತ್ತು. ಅಕ್ಕ ಅವಳ ಮುಖವನ್ನು ನೋಡಿದಳು, ಚೆನ್ನಾಗಿಯೇ ನೋಡಿದಳು. ಹೊಲಿಗೆ ಬಿಟ್ಟ ಜಾಗ ಹುಡುಕುವ ಹಾಗೆ ನೋಡಿದಳು.

"ಅಳಬೇಡ ತಾಯೀ," ಎಂದಳು ಕೊನೆಗೆ. "ತಪ್ಪು ಯಾರು ಮಾಡಲ್ಲ? ಆದರೆ ನನಗ್ಯಾಕೆ ಹೇಳ್ತೀಯಾ? ನಿಮ್ಮಕ್ಕ ಎಲ್ಲಿದ್ದಾಳೋ ಅಲ್ಲಿಗೆ ಹೋಗಿ ಹೇಳು. ಅವಳೂ ಕಾಯ್ತಿರ್ತಾಳೆ."

ಪಾಚಿಯಮ್ಮ ಕಲ್ಲನ್ನು ಮತ್ತೆ ಅದರ ಜಾಗದಲ್ಲಿಟ್ಟಳು. ಇನ್ನೇನು ಮಾಡಿಯಾಳು? ಎದ್ದೇಳಲು ಹೋದರೆ ಮಂಡಿ ಒಪ್ಪಲಿಲ್ಲ, ಅಲ್ಲೇ ಕೂತಳು. ಬಟ್ಟೆಯ ಮಂಡಿಯ ಜಾಗದಲ್ಲಿ ಎರಡು ದುಂಡನೆಯ ಒದ್ದೆ ಕಲೆಯಾಗಿತ್ತು.

ಅಕ್ಕನ ಕಣ್ಣು ಆ ಕಲೆಯ ಮೇಲೆ ಬಿತ್ತು. "ಇದೇ ನೋಡು. ನನ್ನ ತಂಗೀನೂ ಹೀಗೇ. ದಿನವೆಲ್ಲ ಕಲ್ಲಿನ ಮೇಲೆ ಮಂಡಿ ಊರಿ ಕೂರ್ತಾಳೆ. ಮುದುಕಿಯಾದ ಮೇಲೆ ಅನುಭವಿಸ್ತಾಳೆ, ಹೇಳಿದರೆ ಕೇಳಲ್ಲ." ಎನ್ನುತ್ತ ಕೈಯ ಚೀಲ ಬಿಚ್ಚಿದಳು. ಒಳಗಿಂದ ಎರಡು ಪುಟ್ಟ ದಿಂಬು ಬಂದವು. ದಪ್ಪ ನೀಲಿ ಬಟ್ಟೆ, ಒಳಗೆ ಹತ್ತಿ, ಹತ್ತಿ ಜರುಗದ ಹಾಗೆ ಅಡ್ಡಡ್ಡ ಹೊಲಿಗೆ, ಎರಡು ಕಡೆ ಲಾಡಿ. ನಡುವೆ ಮಂಡಿಚಿಪ್ಪು ಕೂರಲು ಬಟ್ಟಲಿನ ಹಾಗೆ ತಗ್ಗು ಬಿಟ್ಟಿತ್ತು. "ಅವಳಿಗೆ ಅಂತ ಹೊಲಿದೆ. ಆವತ್ತು ಕೊಡೋಣ ಅಂತಲೇ ತಂದಿದ್ದು. ಕಲ್ಲಿತ್ತಲ್ಲ."

ಪಾಚಿಯಮ್ಮ ಕೈ ಚಾಚಿದಳು. ಅಕ್ಕ ಹಿಂದಕ್ಕೆ ಎಳೆದುಕೊಂಡಳು.

"ನಿನಗಲ್ಲ. ನನ್ನ ತಂಗಿಗೆ."

ಮತ್ತೆ ಸ್ವಲ್ಪ ಹೊತ್ತು ಆ ಒದ್ದೆ ಕಲೆಗಳನ್ನೇ ನೋಡಿದಳು. ಅಕ್ಕ ಮೊದಲಿನಿಂದಲೂ ಹಾಗೆಯೇ, ಕಣ್ಣಿಗೆ ಕಂಡ ಕಷ್ಟವನ್ನು ಹಾಗೇ ಬಿಟ್ಟು ಹೋಗಲು ಬಾರದವಳು. "ಆಯ್ತು, ಇಲ್ಲಿರೋ ತನಕ ಕಟ್ಟಿಕೋ. ಹೋಗುವಾಗ ವಾಪಸ್ ಕೊಡಬೇಕು. ಕೊಳೆ ಮಾಡಬೇಡ," ಎಂದಳು. ಬಗ್ಗಿ ತಾನೇ ಕಟ್ಟಿದಳು. ಗಂಟು ಒಂದೇ ಸಲಕ್ಕೆ ಬಿತ್ತು. ಅಳತೆಪಟ್ಟಿ ಹಿಡಿಯದೆ ಹೊಲಿದ ದಿಂಬುಗಳು ಪಾಚಿಯಮ್ಮನ ಮಂಡಿಗೆ ಅಚ್ಚು ಹಾಕಿದ ಹಾಗೆ ಕೂತವು.

"ಸರಿಯಾಗಿದೆಯಲ್ಲ ನಿನಗೂ!" ಎಂದು ಅಕ್ಕ ಆಶ್ಚರ್ಯಪಟ್ಟಳು.

ಇಬ್ಬರೂ ಮಂಟಪಕ್ಕೆ ಹೋಗಲಿಲ್ಲ. ಕಲ್ಲಿನ ಈಚೆಯ ಬೆಂಚಿನ ಮೇಲೆ ಅಕ್ಕ ಕೂತಳು. ಸುಮ್ಮನೆ ಕೂರಲು ಬಾರದ ಪಾಚಿಯಮ್ಮ ಪಕ್ಕದ ಪಾಚಿಯ ಮೇಲೆ ಮಂಡಿಯೂರಿ, ತಲೆಪಿನ್ನು ತೆಗೆದುಕೊಂಡು, ಯಾರ ಕಣ್ಣಿಗೂ ಬಿದ್ದಿರದ ಎಳೆಹುಲ್ಲನ್ನು ಎಬ್ಬಿಸತೊಡಗಿದಳು. ನೆಲ ಮಂಡಿಗೆ ಒತ್ತಲಿಲ್ಲ. ಇಪ್ಪತ್ತೆಂಟು ವರ್ಷದಲ್ಲಿ ಮೊದಲ ಸಲ ಒತ್ತಲಿಲ್ಲ. ಅಕ್ಕ ಆಗಾಗ ಖಾಲಿ ಮಂಟಪದ ಕಡೆ ನೋಡಿ, "ಇನ್ನೂ ಊಟ ಮುಗಿದಿಲ್ಲ ಅವಳದು," ಎನ್ನುತ್ತಿದ್ದಳು. ಪಾಚಿಯಮ್ಮ ಪ್ರತಿ ಸಲವೂ ತಲೆ ಎತ್ತದೆ, "ಹೂಂ," ಎನ್ನುತ್ತಿದ್ದಳು.

ಹನ್ನೊಂದಕ್ಕೆ ಅಕ್ಕನ ಮಗಳು ಬಂದಳು. ಗೇಟಿನ ಹತ್ತಿರ ಅಕ್ಕ ಕೈ ಚಾಚಿ ನಿಂತಳು. ಪಾಚಿಯಮ್ಮ ಬಗ್ಗಿ ಲಾಡಿ ಬಿಚ್ಚಿದಳು, ಆ ಗಂಟು ಬಿಚ್ಚಲು ಹೊತ್ತು ಹಿಡಿಯಿತು. ಅಕ್ಕ ಎರಡೂ ದಿಂಬನ್ನು ತಿರುಗಿಸಿ ನೋಡಿ, ಅಂಟಿದ್ದ ಹಸಿರನ್ನು ಉಗುರಿನಿಂದ ಕೆರೆದು, ತೊಡೆಗೆ ಬಡಿದು ಧೂಳು ಕೊಡವಿ, ಲಾಡಿಗಳನ್ನು ಮಡಿಚಿ, ಚೀಲದೊಳಗೆ ಇಟ್ಟುಕೊಂಡಳು.

"ಏನಂದುಕೊಳ್ಳಬೇಡ ತಾಯೀ. ಕೊಡುವಾಗ ಹೊಸದರ ಹಾಗೇ ಇರಬೇಕು."

"ನಾಳೆ ಬೇಗ ಹೊರಡೋಣ ಚಿಕ್ಕಮ್ಮ, ಆರಕ್ಕೇ," ಎಂದಳು ಅಕ್ಕನ ಮಗಳು, ಚಿಕ್ಕಮ್ಮನ ಮುಖ ನೋಡಿ.

"ಗೇಟು ತೆಗೆಯೋದು ಏಳಕ್ಕೆ," ಎಂದಳು ಪಾಚಿಯಮ್ಮ. "ನೀನು ಕರ್ಕೊಂಡು ಬರಬೇಡ. ನಾನೇ ಐದಕ್ಕೆ ನಿಮ್ಮ ಮನೆಗೆ ಬರ್ತೀನಿ. ಎದ್ದ ತಕ್ಷಣ ಅವಳು ಮೊದಲು ನನ್ನನ್ನ ನೋಡಲಿ."

ಕಾರು ಹೋಯಿತು. ಪಾಚಿಯಮ್ಮ ತಿರುಗಿ ಒಳಗೆ ಹೋದಳು. ದಾರಿಯಲ್ಲಿ ಕಲ್ಲು ಹಾಗೇ ಉಳಿದಿತ್ತು, ಅದನ್ನು ತೆಗೆಯಬೇಕಿತ್ತು. ಇಟ್ಟವಳು ಅವಳೇ.